ಎಂಟು ಒತ್ತಿದರೆ ಓದಬೇಕು: ನಂಬರ್ ಪ್ಯಾಡಿನಿಂದ ಎನ್‌ವಿಡಿಎ ನಡೆಸುವ ಒಂದು ಪ್ರಕರಣ

₹4,500 ಇರಬೇಕಿದ್ದ ಬಿಲ್ಲಿನಲ್ಲಿ ₹4,50,088 ಕೂತಿತ್ತು. ಬಿಲ್ಲು ಮೇಲಧಿಕಾರಿಯ ಮೇಜಿಗೆ ಹೋಗುವ ಮುಂಚೆಯೇ ಪಕ್ಕದ ಮೇಜಿನವರ ಕಣ್ಣಿಗೆ ಬಿತ್ತು. “ಮೇಡಂ, ಇದರಲ್ಲಿ ಕೊನೆಗೆ ಎರಡು ಎಂಟು ಜಾಸ್ತಿ ಬಂದಿದೆ, ನೋಡಿ” ಎಂದರು. ಮೇಡಂ ಎರಡು ಸಲ ಎಂಟು ಒತ್ತಿದ್ದು ನಿಜ. ಆದರೆ ಒತ್ತಿದ್ದು ಬರೆಯುವುದಕ್ಕಲ್ಲ, ಆ ಸಾಲು ಓದಿಸಿ ಕೇಳುವುದಕ್ಕೆ.

ಇದು ತಾಲ್ಲೂಕು ಮಟ್ಟದ ಒಂದು ಕಚೇರಿಯ ಸನ್ನಿವೇಶ. ದೃಷ್ಟಿ ಇಲ್ಲದ ನೌಕರರ ಮೇಜಿನಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನು ಒಬ್ಬರ ಸುತ್ತ ಜೋಡಿಸಿ ಬರೆದಿದ್ದೇವೆ. ನೌಕರರು ಪ್ರಥಮ ದರ್ಜೆ ಸಹಾಯಕರು, ನಲವತ್ತು ದಾಟಿದವರು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ನಿಧಾನವಾಗಿ ಹೋಗಿದೆ. ಮಾತಾಡುವ ತಂತ್ರಾಂಶದ ತರಬೇತಿಯನ್ನು ಮೂರು ತಿಂಗಳು ಪಡೆದಿದ್ದಾರೆ, ಆದರೆ ಪೂರ್ತಿ ಲ್ಯಾಪ್‌ಟಾಪ್ ಮೇಲೆ. ಕಚೇರಿಯಲ್ಲಿ ಅವರ ಮುಂದೆ ಇರುವುದು ಡೆಸ್ಕ್‌ಟಾಪ್ ಕಂಪ್ಯೂಟರ್, 104 ಕೀಗಳ ಉದ್ದನೆಯ ಕೀಬೋರ್ಡು, ಅದರ ಬಲ ತುದಿಯಲ್ಲಿ 17 ಕೀಗಳ ನಂಬರ್ ಪ್ಯಾಡು. ಸಂಜೆ ಹೊತ್ತು ಅದೇ ಯಂತ್ರದಲ್ಲಿ ಇನ್ನೊಬ್ಬರು ಲೆಕ್ಕದ ಅಂಕಿ ತುಂಬುತ್ತಾರೆ.

ತಂತ್ರಾಂಶ ಎನ್‌ವಿಡಿಎ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು, ಉಚಿತವಾಗಿ ಸಿಗುತ್ತದೆ. ಇದರ ಜೊತೆಗೇ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಂತ್ರದಂತಿದ್ದರೂ ಸ್ಪಷ್ಟ; ವೇಗ ಹೆಚ್ಚಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಅಭ್ಯಾಸವಾದವರು ಅದನ್ನು ಬಿಟ್ಟುಕೊಡುವುದಿಲ್ಲ.

ದೂರು ನಾಲ್ಕಿದ್ದವು. ಮೊತ್ತದ ಜಾಗದಲ್ಲಿ ಬೇಡದ ಅಂಕಿ ಸೇರುತ್ತಿದೆ. ಕಲಿತ ಕೀಗಳು ಇಲ್ಲಿ ಬೇರೆಯೇ ಕೆಲಸ ಮಾಡುತ್ತಿವೆ. ಕಚೇರಿಯ ವೆಬ್ ಪುಟದಲ್ಲಿ ‘ಉಳಿಸಿ’ ಗುಂಡಿ ಟ್ಯಾಬ್‌ಗೆ ಸಿಗುತ್ತಿಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ಇರುವ ಹೆಸರೇ ಹುಡುಕಿದರೆ ಬರುತ್ತಿಲ್ಲ. ನಾಲ್ಕಕ್ಕೂ ಉತ್ತರ ಆ ಹದಿನೇಳು ಕೀಗಳಲ್ಲೇ ಇತ್ತು.

ಕಲಿತದ್ದೊಂದು, ಮೇಜಿನಲ್ಲಿದ್ದದ್ದೊಂದು

ಎನ್‌ವಿಡಿಎಗೆ ಎರಡು ಕೀ ವಿನ್ಯಾಸಗಳಿವೆ, ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್. ಹೆಚ್ಚಿನ ಆಜ್ಞೆಗಳಿಗೆ ಒಂದು ಮುಖ್ಯ ಕೀ ಹಿಡಿದಿರಬೇಕು. ಸಾಮಾನ್ಯವಾಗಿ ಅದು ಇನ್ಸರ್ಟ್; ಬೇಕೆಂದರೆ ಕ್ಯಾಪ್ಸ್ ಲಾಕನ್ನೂ ಮುಖ್ಯ ಕೀ ಮಾಡಿಕೊಳ್ಳಬಹುದು. ಈ ನೌಕರರು ಕಲಿತದ್ದು ಕ್ಯಾಪ್ಸ್ ಲಾಕ್ ಹಿಡಿದು. ಕಚೇರಿಯ ಯಂತ್ರದಲ್ಲಿ ಆ ಆಯ್ಕೆಗೆ ಗುರುತು ಬಿದ್ದಿರಲಿಲ್ಲ. ಹಾಗಾಗಿ ಪ್ರತಿ ಸಲ ಕ್ಯಾಪ್ಸ್ ಒತ್ತಿದಾಗ ನಿಜವಾಗಿಯೂ ದೊಡ್ಡಕ್ಷರ ಶುರುವಾಗುತ್ತಿತ್ತು, ಆಮೇಲೆ ಪಾಸ್‌ವರ್ಡ್ ತಪ್ಪು ಬೀಳುತ್ತಿತ್ತು. ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದರೂ ಗೊಂದಲವೇ. ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಅದು ಮುಂದಿನ ಸಾಲನ್ನು ಪರಿಶೀಲಿಸುವ ಆಜ್ಞೆ. ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಇಡೀ ಕಡತವನ್ನು ಒಂದೇ ಸಮ ಓದಿಸುವ ಆಜ್ಞೆ. ಒಂದು ಸಾಲು ಕೇಳಲು ಹೋದರೆ ಪುಟಗಟ್ಟಲೆ ಓದು ಶುರು. ಅದನ್ನು ನಿಲ್ಲಿಸಲು ಕಂಟ್ರೋಲ್ ಸಾಕು ಎನ್ನುವುದೊಂದು ಮಾತ್ರ ಅವರಿಗೆ ಗಟ್ಟಿಯಾಗಿ ನೆನಪಿತ್ತು.

ಸುಲಭದ ದಾರಿ ಎಂದರೆ ಇಲ್ಲೂ ಲ್ಯಾಪ್‌ಟಾಪ್ ವಿನ್ಯಾಸ ಹಾಕಿಬಿಡುವುದು. ಇನ್ಸರ್ಟ್ ಮತ್ತು ಕಂಟ್ರೋಲ್ ಜೊತೆ ಕೆ ಒತ್ತಿದರೆ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯುತ್ತದೆ, ಮೊದಲನೇ ಪಟ್ಟಿಯಲ್ಲೇ ವಿನ್ಯಾಸ ಬದಲಿಸಬಹುದು. ದಿನವಿಡೀ ನಗದು ಎಣಿಸಿ ಅಂಕಿ ತುಂಬುವ ಕೆಲಸವಾಗಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು, ನಮ್ ಲಾಕ್ (ನಂಬರ್ ಪ್ಯಾಡು ಅಂಕಿ ಬರೆಯುವಂತೆ ಮಾಡುವ ಕೀ) ಸದಾ ಆನ್ ಇಟ್ಟು. ಆದರೆ ಇವರ ಕೆಲಸ ಹೆಚ್ಚಾಗಿ ಓದುವುದು, ತಾಳೆ ನೋಡುವುದು, ಹೆಸರು ತಿದ್ದುವುದು. ಅಂಕಿ ತುಂಬುವುದು ದಿನಕ್ಕೆ ಮೂವತ್ತು ನಲವತ್ತು ಸಾಲು. ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಈಗಿನ ಪದ ಕೇಳಲು ಮುಖ್ಯ ಕೀ, ಕಂಟ್ರೋಲ್, ಚುಕ್ಕೆ ಮೂರನ್ನೂ ಒಟ್ಟಿಗೆ ಒತ್ತಬೇಕು. ನಂಬರ್ ಪ್ಯಾಡಿನಲ್ಲಿ ಅದಕ್ಕೆ ಐದು ಒತ್ತಿದರೆ ಸಾಕು. ದಿನಕ್ಕೆ ನೂರಾರು ಸಲ ಮಾಡುವ ಕೆಲಸಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಡೆಸ್ಕ್‌ಟಾಪ್ ವಿನ್ಯಾಸವನ್ನೇ ಉಳಿಸಿಕೊಂಡೆವು. ಹಳೆಯ ಕೈ ಅಭ್ಯಾಸಕ್ಕೆ ಕ್ಯಾಪ್ಸ್ ಲಾಕನ್ನೂ ಮುಖ್ಯ ಕೀ ಮಾಡಿದೆವು.

ಮತ್ತೊಂದು ಕೆಲಸ ಮರೆಯಬಾರದು. ಲಾಗಿನ್ ಪರದೆಯಲ್ಲಿ ಓಡುವ ಎನ್‌ವಿಡಿಎ ಈ ಬದಲಾವಣೆಗಳನ್ನು ತಾನಾಗಿ ತಿಳಿದುಕೊಳ್ಳುವುದಿಲ್ಲ. ಜನರಲ್ ಸೆಟ್ಟಿಂಗ್ಸ್‌ನಲ್ಲಿ, ಉಳಿಸಿದ ಸೆಟ್ಟಿಂಗ್ಸನ್ನೇ ಲಾಗಿನ್ ಪರದೆಗೂ ಬಳಸು ಎಂಬ ಗುಂಡಿಯನ್ನು ಅಡ್ಮಿನ್ ಅನುಮತಿಯಿಂದ ಒಮ್ಮೆ ಒತ್ತಬೇಕು. ಒತ್ತದಿದ್ದರೆ ಬೆಳಿಗ್ಗೆ ಪಾಸ್‌ವರ್ಡ್ ಹೊಡೆಯುವಾಗ ಕ್ಯಾಪ್ಸ್ ಲಾಕಿನ ಕಾಟ ಹಾಗೇ ಉಳಿಯುತ್ತದೆ.

ಕೈ ಇಡುವ ಬಗೆ

ಐದರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ನಡುಬೆರಳು ಅಲ್ಲಿ. ತೋರುಬೆರಳು ನಾಲ್ಕರ ಮೇಲೆ, ಉಂಗುರಬೆರಳು ಆರರ ಮೇಲೆ, ಕಿರುಬೆರಳು ಬಲಗಡೆಯ ಪ್ಲಸ್ ಮತ್ತು ಎಂಟರ್ ಮೇಲೆ. ಹೆಬ್ಬೆರಳು ಕೆಳಗೆ ಸೊನ್ನೆಯ ಮೇಲೆ. ನಮ್ ಲಾಕ್ ಆಫ್ ಇದ್ದಾಗ ಆ ಸೊನ್ನೆಯೇ ಇನ್ಸರ್ಟ್, ಅಂದರೆ ಮುಖ್ಯ ಕೀ. ಹೀಗೆ ಕೂತರೆ ಇಡೀ ಪರದೆ ಒಂದೇ ಕೈಯಲ್ಲಿರುತ್ತದೆ. ಎಡಗೈ ಬ್ರೈಲ್ ಹಾಳೆಯ ಮೇಲೋ ಫೋನಿನ ಮೇಲೋ ಇರಬಹುದು.

ಮೂರು ಅಡ್ಡಸಾಲುಗಳನ್ನು ಹೀಗೆ ಬಾಯಿಪಾಠ ಮಾಡಿಸುತ್ತೇವೆ: ಮೇಲೆ ಸಾಲು, ನಡುವೆ ಪದ, ಕೆಳಗೆ ಅಕ್ಷರ. ಎಡಕ್ಕೆ ಹಿಂದಿನದು, ಮಧ್ಯೆ ಈಗಿನದು, ಬಲಕ್ಕೆ ಮುಂದಿನದು. ಏಳು ಒತ್ತಿದರೆ ಹಿಂದಿನ ಸಾಲು, ಎಂಟಕ್ಕೆ ಈಗಿನದು, ಒಂಬತ್ತಕ್ಕೆ ಮುಂದಿನದು. ನಾಲ್ಕು, ಐದು, ಆರು ಪದಕ್ಕೆ. ಒಂದು, ಎರಡು, ಮೂರು ಅಕ್ಷರಕ್ಕೆ. ಎಂಟನ್ನೋ ಐದನ್ನೋ ಬೇಗ ಎರಡು ಸಲ ಒತ್ತಿದರೆ ಬಿಡಿಸಿ ಹೇಳುತ್ತದೆ. ಶಿಫ್ಟ್ ಜೊತೆ ಏಳು ಮೊದಲ ಸಾಲಿಗೆ, ಒಂಬತ್ತು ಕೊನೆಯ ಸಾಲಿಗೆ. ಶಿಫ್ಟ್ ಜೊತೆ ಒಂದು ಒತ್ತಿದರೆ ಸಾಲಿನ ಆರಂಭಕ್ಕೆ, ಮೂರು ಒತ್ತಿದರೆ ಸಾಲಿನ ತುದಿಗೆ. ಪ್ಲಸ್ ಒತ್ತಿದರೆ ಅಲ್ಲಿಂದ ಮುಂದಕ್ಕೆ ಓದುತ್ತಾ ಹೋಗುತ್ತದೆ.

ಇಲ್ಲಿ ನಿಂತು ಒಂದು ವಿಷಯ ಬಿಡಿಸಿ ಹೇಳಬೇಕು, ಹೊಸಬರು ಎಡವುವುದು ಇಲ್ಲೇ. ಈ ಕೀಗಳು ಓಡಾಡಿಸುವುದು ಬರೆಯುವ ಕರ್ಸರನ್ನಲ್ಲ. ಎನ್‌ವಿಡಿಎ ಬೇರೆಯದೇ ಒಂದು ಪರಿಶೀಲನಾ ಕರ್ಸರ್ ಇಟ್ಟುಕೊಂಡಿರುತ್ತದೆ. ಕಣ್ಣಿದ್ದವರು ಮೊತ್ತದ ಜಾಗದಲ್ಲಿ ಕರ್ಸರ್ ಬಿಟ್ಟು ಮೇಲಿನ ಸಾಲಿನತ್ತ ಕಣ್ಣು ಹಾಯಿಸಿ ವಾಪಸ್ ಬರುತ್ತಾರಲ್ಲ, ಆ ಕಣ್ಣು ಹಾಯಿಸುವ ಕೆಲಸವನ್ನು ಇದು ಮಾಡುತ್ತದೆ. ಬಾಣದ ಕೀಗಳಿಂದ ಓದಿದರೆ ಬರೆಯುವ ಜಾಗವೇ ಜರುಗುತ್ತದೆ. ನಂಬರ್ ಪ್ಯಾಡಿನಿಂದ ಓದಿದರೆ ಅದು ಇದ್ದಲ್ಲೇ ಇರುತ್ತದೆ. ತುಂಬ ದೂರ ಹೋಗಿ ದಾರಿ ತಪ್ಪಿದರೆ ಇನ್ಸರ್ಟ್ ಜೊತೆ ಮೈನಸ್ ಒತ್ತಿ ಬರೆಯುವ ಜಾಗಕ್ಕೆ ಮರಳಬಹುದು. ಶಿಫ್ಟನ್ನೂ ಸೇರಿಸಿ ಬೇಗ ಎರಡು ಸಲ ಒತ್ತಿದರೆ ಉಲ್ಟಾ, ಬರೆಯುವ ಕರ್ಸರೇ ಪರಿಶೀಲನೆಯ ಜಾಗಕ್ಕೆ ಬರುತ್ತದೆ. ಇವೆರಡನ್ನು ಅದಲು ಬದಲು ಮಾಡಿಕೊಂಡು ತಪ್ಪು ಸಾಲಿನಲ್ಲಿ ಬರೆದವರು ಬಹಳ. ಎರಡನೆಯದನ್ನು ಮೊದಲ ತಿಂಗಳು ಕಲಿಸಲೇ ಇಲ್ಲ.

ಓದಿಗೆ ಪ್ರತ್ಯೇಕ ಕೀಗಳ ಗುಂಪು ಬೇಕೆಂಬ ತಿಳಿವಳಿಕೆ ಹೊಸದಲ್ಲ. ಐಬಿಎಂನಲ್ಲಿ ಜಿಮ್ ಥ್ಯಾಚರ್ ರೂಪಿಸಿದ 1980ರ ದಶಕದ ಸ್ಕ್ರೀನ್ ರೀಡರ್‌ಗೆ 18 ಕೀಗಳ ಪ್ರತ್ಯೇಕ ಪ್ಯಾಡೇ ಇತ್ತು. ಬೇರೆ ಸ್ಕ್ರೀನ್ ರೀಡರ್‌ಗಳಾದ ಜಾಸ್, ಲಿನಕ್ಸ್‌ನ ಓರ್ಕಾ ಕೂಡ ನಂಬರ್ ಪ್ಯಾಡನ್ನು ಬಳಸುತ್ತವೆ. ಆದರೆ ಅರ್ಥ ಒಂದೇ ಅಲ್ಲ: ಜಾಸ್‌ನಲ್ಲಿ ಐದು ಒತ್ತಿದರೆ ಹೇಳುವುದು ಅಕ್ಷರ, ಎನ್‌ವಿಡಿಎಯಲ್ಲಿ ಪದ. ಒಂದರಿಂದ ಇನ್ನೊಂದಕ್ಕೆ ಬಂದವರು ಈ ವ್ಯತ್ಯಾಸ ಗಮನದಲ್ಲಿಟ್ಟುಕೊಳ್ಳಬೇಕು.

ಎರಡು ಎಂಟು ಬಂದದ್ದು ಹೇಗೆ

ಈಗ ಬಿಲ್ಲಿನ ವಿಷಯ. ಈ ಕೀಗಳೆಲ್ಲ ಓದುವುದು ನಮ್ ಲಾಕ್ ಆಫ್ ಇದ್ದರೆ ಮಾತ್ರ. ಆನ್ ಇದ್ದರೆ ಅವು ಬರೀ ಅಂಕಿಗಳು. ಹಿಂದಿನ ಸಂಜೆ ಲೆಕ್ಕ ತುಂಬಿದವರು ತಮ್ಮ ಅನುಕೂಲಕ್ಕೆ ನಮ್ ಲಾಕ್ ಆನ್ ಮಾಡಿದ್ದರು. ಬೆಳಿಗ್ಗೆ ನೌಕರರು 4500 ಎಂದು ಮೇಲಿನ ಸಾಲಿನ ಅಂಕಿಗಳಿಂದ ಬರೆದು, ಸರಿ ಇದೆಯೇ ಎಂದು ಕೇಳಲು ಎಂಟು ಒತ್ತಿದರು. ಏನೂ ಕೇಳಿಸಲಿಲ್ಲ. ತಂತ್ರಾಂಶ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಇನ್ನೊಮ್ಮೆ ಒತ್ತಿದರು.

ಕೇಳಿಸಲಿಲ್ಲ ಏಕೆ ಎನ್ನುವುದೇ ಈ ಪ್ರಕರಣದ ತಿರುಳು. ಎನ್‌ವಿಡಿಎ ಬರೆದ ಅಕ್ಷರವನ್ನು ಕೂಡಲೇ ಉಚ್ಚರಿಸುತ್ತದೆ. ಅದು ಚಾಲೂ ಇದ್ದಿದ್ದರೆ “ಎಂಟು” ಎಂಬ ಒಂದೇ ಪದ ಅವರನ್ನು ಎಚ್ಚರಿಸುತ್ತಿತ್ತು. ಬೇಗ ಟೈಪ್ ಮಾಡುವಾಗ ಕಿವಿಗೆ ಅಡ್ಡ ಬರುತ್ತದೆಂದು ಇನ್ಸರ್ಟ್ ಜೊತೆ ಮೇಲಿನ ಸಾಲಿನ ಎರಡು ಒತ್ತಿ ಅದನ್ನು ಆಫ್ ಮಾಡಿಕೊಂಡಿದ್ದರು. ತಪ್ಪು ನಮ್ ಲಾಕಿನಿಂದ ಬಂತು, ಮೌನದಿಂದಾಗಿ ಮುಚ್ಚಿಹೋಯಿತು.

ಪರಿಹಾರಕ್ಕೆ ನಾಲ್ಕೈದು ದಾರಿ ತೂಗಿ ನೋಡಿದೆವು. ಅಂಕಿಗೆಂದೇ ಯುಎಸ್‌ಬಿಯ ಬೇರೆ ಪ್ಯಾಡು ತಂದರೆ ಹೇಗೆ? ಪ್ರಯೋಜನ ಕಡಿಮೆ. ವಿಂಡೋಸ್‌ನಲ್ಲಿ ನಮ್ ಲಾಕ್ ಸ್ಥಿತಿ ಎಲ್ಲ ಕೀಬೋರ್ಡಿಗೂ ಒಂದೇ. ಕೆಲವು ಪ್ಯಾಡುಗಳು ಪ್ರತಿ ಅಂಕಿಗೂ ತಾವೇ ನಮ್ ಲಾಕನ್ನು ಆನ್ ಆಫ್ ಮಾಡಿ ಇದನ್ನು ದಾಟುತ್ತವೆ, ಆಗ ಎನ್‌ವಿಡಿಎ ಪ್ರತಿ ಅಂಕಿಗೂ ಆನ್, ಆಫ್ ಎಂದು ಹೇಳುತ್ತಲೇ ಇರುತ್ತದೆ. ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡುತ್ತಾ ಕೂರುವುದು ಕೇಳಲು ಸಲೀಸು. ದಣಿದ ಮಧ್ಯಾಹ್ನದಲ್ಲಿ ಒಮ್ಮೆ ಮರೆತರೂ ಮತ್ತೆ ಅದೇ ಬಿಲ್ಲು.

ಕೊನೆಗೆ ಉಳಿದದ್ದು ಇಷ್ಟು. ಅಂಕಿ ಯಾವಾಗಲೂ ಮೇಲಿನ ಸಾಲಿನಿಂದಲೇ. ನಂಬರ್ ಪ್ಯಾಡು ಓದಿಗೆ ಮಾತ್ರ. ಬರೆದ ಅಕ್ಷರ ಹೇಳುವ ಸೌಲಭ್ಯ ಮತ್ತೆ ಚಾಲೂ. ಕುರ್ಚಿಯಲ್ಲಿ ಕೂತ ತಕ್ಷಣ ನಮ್ ಲಾಕ್ ಒಮ್ಮೆ ಒತ್ತುವುದು: ಆಫ್ ಎಂದರೆ ಹಾಗೇ ಬಿಡುವುದು, ಆನ್ ಎಂದರೆ ಇನ್ನೊಮ್ಮೆ ಒತ್ತುವುದು. ಕೀ ಬೇಗ ಸಿಗಲೆಂದು ಅದರ ಮೇಲೆ ಉಬ್ಬಿದ ಅಂಟುಚುಕ್ಕೆ ಒಂದು ಹಚ್ಚಿದೆವು. ಬೇರೆ ಕೀಗಳಿಗೂ ಹಚ್ಚಿದರೆ ಗುರುತು ಕೆಡುತ್ತದೆಂದು ಬೇರೆಲ್ಲೂ ಹಚ್ಚಲಿಲ್ಲ.

ಯಂತ್ರ ಚಾಲೂ ಆಗುವಾಗಲೇ ಆಫ್ ಇರಲಿ ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಕೂಡಿಟ್ಟಿರುವ ರಿಜಿಸ್ಟ್ರಿಯಲ್ಲಿ ಬಳಕೆದಾರರ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಕೀಬೋರ್ಡ್, ಅಲ್ಲಿ ಇನಿಷಿಯಲ್ ಕೀಬೋರ್ಡ್ ಇಂಡಿಕೇಟರ್ಸ್ ಎಂಬುದರ ಬೆಲೆ 0 ಮಾಡಬೇಕು. 2 ಇದ್ದರೆ ಆನ್. ಲಾಗಿನ್ ಪರದೆಗೆ ಇದೇ ಬದಲಾವಣೆಯನ್ನು ಡೀಫಾಲ್ಟ್ ಬಳಕೆದಾರರ ಕೆಳಗೂ ಮಾಡಬೇಕು. ಕೆಲವು ಯಂತ್ರಗಳಲ್ಲಿ ಬಯಾಸ್ (ವಿಂಡೋಸ್‌ಗೂ ಮುಂಚೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಇದನ್ನು ಮೀರಿ ಆನ್ ಮಾಡುತ್ತದೆ. ಬಯಾಸ್ ಪರದೆ ಮಾತಾಡುವುದಿಲ್ಲ, ಅಲ್ಲಿಗೆ ಕಣ್ಣಿರುವವರ ನೆರವು ಬೇಕೇ ಬೇಕು. ಇಷ್ಟೆಲ್ಲ ಮಾಡಿದರೂ ಕೂತ ತಕ್ಷಣದ ಆ ಒಂದು ಒತ್ತು ಬಿಡಬಾರದು, ಏಕೆಂದರೆ ಯಂತ್ರ ಇಬ್ಬರದು.

ಇನ್ನೆರಡು ಅಪಾಯ ಇದೇ ಜಾಗದಲ್ಲಿವೆ. ನಮ್ ಲಾಕ್ ಆಫ್ ಇದ್ದಾಗ ಚುಕ್ಕೆಯ ಕೀ ಎಂದರೆ ಡಿಲೀಟ್. ಇನ್ಸರ್ಟ್ ಜೊತೆ ಒತ್ತಿದರೆ ಪರಿಶೀಲನಾ ಕರ್ಸರ್ ಪರದೆಯಲ್ಲಿ ಎಲ್ಲಿದೆ ಎಂದು ಹೇಳುತ್ತದೆ. ಹೆಬ್ಬೆರಳು ಜಾರಿ ಇನ್ಸರ್ಟ್ ಬಿಟ್ಟಿದ್ದರೆ ಬರಹದ ಒಂದು ಅಕ್ಷರ ಹೋಗುತ್ತದೆ. ಹಾಗೆಯೇ ಇನ್ಸರ್ಟನ್ನು ಬೇಗ ಎರಡು ಸಲ ಒತ್ತಿದರೆ ಅದು ಎನ್‌ವಿಡಿಎಯನ್ನು ದಾಟಿ, ಬರೆಯುತ್ತಿರುವ ತಂತ್ರಾಂಶಕ್ಕೆ ತಲುಪುತ್ತದೆ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಆಗ ಮೇಲೆ ಬರೆಯುವ ಕ್ರಮ ಶುರುವಾಗಿ, ಹೊಡೆದ ಪ್ರತಿ ಅಕ್ಷರ ಮುಂದಿನ ಅಕ್ಷರವನ್ನು ನುಂಗುತ್ತಾ ಹೋಗುತ್ತದೆ. ಬರೆದದ್ದು ಮಾಯವಾಗುತ್ತಿದೆ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಬೇಕು. ಇನ್ಸರ್ಟ್ ಮತ್ತೆ ಎರಡು ಸಲ ಬೇಗ ಒತ್ತಿದರೆ ಸರಿಹೋಗುತ್ತದೆ.

ಸಿಗದ ಗುಂಡಿ

ವೆಬ್ ಪುಟದ ‘ಉಳಿಸಿ’ ಗುಂಡಿಯನ್ನು ಮಾಡಿದವರು ಅದನ್ನು ಗುಂಡಿಯಾಗಿ ಮಾಡಿರಲಿಲ್ಲ, ಮೌಸ್ ಒತ್ತಿದರೆ ಕೆಲಸ ಮಾಡುವ ಬರೀ ಒಂದು ಚೌಕವಾಗಿ ಮಾಡಿದ್ದರು. ಅದಕ್ಕೇ ಟ್ಯಾಬ್ ಅಲ್ಲಿ ನಿಲ್ಲುತ್ತಿರಲಿಲ್ಲ. ಬ್ರೌಸ್ ಕ್ರಮದಲ್ಲಿ, ಅಂದರೆ ವೆಬ್ ಪುಟವನ್ನು ಕಡತದಂತೆ ಓದುವ ಕ್ರಮದಲ್ಲಿ, ಕೆಳಬಾಣ ಒತ್ತುತ್ತಾ ಹೋದರೆ ಆ ಪದ ಸಿಗುತ್ತದೆ, ಎಂಟರ್ ಒತ್ತಿದರೆ ಹಲವು ಸಲ ಕೆಲಸವೂ ಆಗುತ್ತದೆ. ಇಲ್ಲಿ ಆಗಲಿಲ್ಲ.

ಆಗ ಮೌಸನ್ನೇ ಅಲ್ಲಿಗೆ ಕಳಿಸಬೇಕು. ಪದದ ಮೇಲೆ ನಿಂತು ಇನ್ಸರ್ಟ್ ಜೊತೆ ಭಾಗಾಕಾರದ ಕೀ ಒತ್ತಿದರೆ ಮೌಸ್ ಬಾಣ ಆ ವಸ್ತುವಿನ ಮೇಲೆ ಬರುತ್ತದೆ. ಒಡನೆ ಕ್ಲಿಕ್ ಮಾಡಬಾರದು. ಇನ್ಸರ್ಟ್ ಜೊತೆ ಗುಣಾಕಾರದ ಕೀ ಒತ್ತಿ, ಬಾಣದ ಕೆಳಗೆ ನಿಜವಾಗಿ ಏನಿದೆ ಎಂದು ಕೇಳಬೇಕು. ‘ಉಳಿಸಿ’ ಎಂದೇ ಹೇಳಿದರೆ ಭಾಗಾಕಾರದ ಕೀಯನ್ನು ಒಂಟಿಯಾಗಿ ಒತ್ತಿದರೆ ಎಡ ಕ್ಲಿಕ್. ಬೇರೇನೋ ಹೇಳಿದರೆ ಮೇಲೊಂದು ಕಿಟಕಿ ಅಡ್ಡ ಕೂತಿದೆ ಎಂದರ್ಥ. ಈ ನಡುವಿನ ತಪಾಸಣೆ ಬಿಟ್ಟು ಪಕ್ಕದ ‘ಅಳಿಸಿ’ ಒತ್ತಿದರೆ ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ. ಭಾಗಾಕಾರ ಒತ್ತುವಾಗ ಶಿಫ್ಟ್ ತಗುಲಿದರೆ ಎಡಗುಂಡಿ ಒತ್ತಿದಂತೆಯೇ ಬೀಗ ಬೀಳುತ್ತದೆ, ಮುಂದೆ ಎಲ್ಲವೂ ಎಳೆದಂತಾಗುತ್ತದೆ. ಅದನ್ನೇ ಮತ್ತೆ ಒತ್ತಿದರೆ ಬಿಡುತ್ತದೆ.

ಟ್ಯಾಬ್‌ಗೆ ಸಿಗದ ಇತರ ಕಿಟಕಿಗಳಲ್ಲಿ ಒಂದರೊಳಗೊಂದಿರುವ ವಸ್ತುಗಳನ್ನು ಸುತ್ತಲು ಇನ್ಸರ್ಟ್ ಜೊತೆ ನಾಲ್ಕು ಹಿಂದಿನದಕ್ಕೆ, ಆರು ಮುಂದಿನದಕ್ಕೆ, ಎಂಟು ಹೊರಗಿನದಕ್ಕೆ, ಎರಡು ಒಳಗಿನದಕ್ಕೆ, ಐದು ಈಗ ಎಲ್ಲಿದ್ದೇವೆ ಎಂದು ಕೇಳಲು. ಇನ್ಸರ್ಟ್ ಜೊತೆ ನಂಬರ್ ಪ್ಯಾಡಿನ ಎಂಟರ್ ಒತ್ತಿದರೆ ಆ ವಸ್ತು ಚಾಲೂ. ಮನೆಯೊಳಗೆ ಕೋಣೆ, ಕೋಣೆಯೊಳಗೆ ಕಪಾಟು ಎಂದು ಹೇಳಿಕೊಟ್ಟರೆ ಬೇಗ ಹಿಡಿಯುತ್ತಾರೆ. ದೋಷದ ಸಂದೇಶಗಳಿಗೆ ಇಷ್ಟು ದೂರ ಹೋಗಬೇಕಿಲ್ಲ, ಇನ್ಸರ್ಟ್ ಜೊತೆ ಬಿ ಒತ್ತಿದರೆ ಇಡೀ ಸಂದೇಶ ಓದುತ್ತದೆ.

ಕಣ್ಣಿಗೆ ಕಾಣದ ಸೊನ್ನೆ

ನಾಲ್ಕನೆಯ ದೂರು ನಮ್ಮ ಭಾಷೆಯದೇ. ‘ಶಂಕರ’ ಎಂದು ಹುಡುಕಿದರೆ ಪಟ್ಟಿ ಖಾಲಿ. ಕಾಗದದಲ್ಲಿ ಹೆಸರಿದೆ, ಪರದೆಯಲ್ಲೂ ಇದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಆದರೆ ಆ ಸಾಲನ್ನು ಈಸ್ಪೀಕ್ ಓದಿದಾಗ ಹೆಸರು ನಡುವೆ ಮುರಿದು ಕೇಳಿಸಿತು. ಪದದ ಮೇಲೆ ನಿಂತು ಮೂರು ಒತ್ತುತ್ತಾ ಅಕ್ಷರ ಅಕ್ಷರವಾಗಿ ಹೋದರು. ‘ಶ’ ಆದ ಮೇಲೆ ಬೇರೆಯದೇ ಒಂದು ಅಕ್ಷರ. ಅಲ್ಲಿ ನಿಂತು ಎರಡನ್ನು ಬೇಗ ಮೂರು ಸಲ ಒತ್ತಿದರು. ಹೀಗೆ ಒತ್ತಿದರೆ ಎನ್‌ವಿಡಿಎ ಆ ಅಕ್ಷರದ ಯುನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರು ಆ ಅಕ್ಷರವನ್ನು ಗುರುತಿಸುವ ಸಂಖ್ಯೆ, ಹೇಳುತ್ತದೆ. ಹೇಳಿದ್ದು 3302.

3302 ಎಂದರೆ ಕನ್ನಡ ಅಂಕಿ ಸೊನ್ನೆ. ಅನುಸ್ವಾರದ ಸಂಖ್ಯೆ 3202. ಮುದ್ರಣದಲ್ಲಿ ಎರಡೂ ದುಂಡಗೆ ಒಂದೇ ಥರ ಕಾಣುವುದರಿಂದ ಯಾರೋ ಟೈಪ್ ಮಾಡುವಾಗ ಅನುಸ್ವಾರದ ಬದಲು ಸೊನ್ನೆ ಹೊಡೆದಿದ್ದರು. ಕಣ್ಣಿಗೆ ‘ಶಂಕರ’, ಯಂತ್ರಕ್ಕೆ ಶ, ಸೊನ್ನೆ, ಕರ. ಸರಿಯಾದ ಬರಹದಲ್ಲಿ ಅನುಸ್ವಾರ ತನ್ನ ಹಿಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಸೊನ್ನೆ ಮಾತ್ರ ಬಿಡಿಯಾಗಿ ನಿಲ್ಲುತ್ತದೆ. ಕಿವಿಗೆ ಸಿಕ್ಕಿದ್ದು ಆ ಬಿಡಿ ನಿಲುವೇ. ಕಣ್ಣಿದ್ದವರು ಅದೆಷ್ಟೋ ಸಲ ನೋಡಿ ದಾಟಿಹೋದ ತಪ್ಪು ಇದು. ಪಟ್ಟಿಯಲ್ಲಿ ಗಂಗಮ್ಮ, ನಂಜುಂಡಪ್ಪ, ಶಾಂತಮ್ಮ ಎಂಬಂಥ ಹೆಸರುಗಳನ್ನೆಲ್ಲ ಹೀಗೆ ತಡವಿ ನೋಡುವ ಕೆಲಸ ಈಗ ಅವರದೇ ಪಾಲಿಗೆ ಬಂದಿದೆ.

ಇದೇ ಮೂರು ಒತ್ತು ಇನ್ನೊಂದು ಕಡೆಯೂ ನೆರವಾಯಿತು. ಹಳೆಯ ಸುತ್ತೋಲೆಯೊಂದನ್ನು ತೆರೆದರೆ ಧ್ವನಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಉದುರಿಸುತ್ತಿತ್ತು. ಪರದೆಯಲ್ಲಿ ಮಾತ್ರ ಚೊಕ್ಕ ಕನ್ನಡ. ಮೊದಲ ಅಕ್ಷರ ‘ಕ’ ಎಂದು ಪಕ್ಕದವರು ಹೇಳಿದರು. ಸಂಖ್ಯೆ ಕೇಳಿದರೆ 80. ನಿಜವಾದ ‘ಕ’ ಆಗಿದ್ದರೆ 3221 ಬರಬೇಕಿತ್ತು. 80 ಎಂದರೆ ಇಂಗ್ಲಿಷಿನ ಪಿ: ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಕಡತ. ಧ್ವನಿ ಬದಲಿಸಿ, ತಂತ್ರಾಂಶ ಮರುಸ್ಥಾಪಿಸಿ ಗಂಟೆಗಟ್ಟಲೆ ಕಳೆಯಬೇಕಿಲ್ಲ. ಕಡತವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದರೆ ಓದುತ್ತದೆ. ಕಳಿಸಿದವರಿಗೂ ಯುನಿಕೋಡಿನಲ್ಲೇ ಕಳಿಸಿ ಎಂದು ಕಾರಣ ಸಮೇತ ಬರೆಯಬಹುದು.

ಅಭ್ಯಾಸಕ್ಕೆ ಆರು ವಾರ ಇಟ್ಟುಕೊಂಡಿದ್ದೆವು, ದಿನಕ್ಕೆ ಇಪ್ಪತ್ತು ನಿಮಿಷ. ಮೊದಲ ಎರಡು ವಾರ ಒಂಬತ್ತು ಅಂಕಿಯ ಕೀಗಳು ಬಿಟ್ಟು ಬೇರೇನೂ ಇಲ್ಲ, ಅದೂ ಇನ್ಸರ್ಟ್ ಜೊತೆ ಮೇಲಿನ ಸಾಲಿನ ಒಂದು ಒತ್ತಿದರೆ ಬರುವ ಕೀ ಪರಿಚಯದ ಕ್ರಮದಲ್ಲಿ. ಅಲ್ಲಿ ಯಾವ ಕೀ ಒತ್ತಿದರೂ ಅದರ ಕೆಲಸ ಹೇಳುತ್ತದೆಯೇ ಹೊರತು ಮಾಡುವುದಿಲ್ಲ, ಭಯವಿಲ್ಲದೆ ತಡಕಾಡಬಹುದು. ಮೌಸಿನ ಕೀಗಳು ನಾಲ್ಕನೇ ವಾರದಲ್ಲಿ ಬಂದವು. ಪರಿಶೀಲನೆಯ ಕ್ರಮ ಬದಲಿಸುವ, ಇನ್ಸರ್ಟ್ ಜೊತೆ ಪ್ಯಾಡಿನ ಏಳು ಮತ್ತು ಒಂದನ್ನು ಕೊನೆಗೆ ಇಟ್ಟೆವು. ಅರಿವಿಲ್ಲದೆ ಏಳು ಒತ್ತಿ ಪರದೆ ಕ್ರಮಕ್ಕೆ ಹೋದರೆ ಎಂಟು ಒತ್ತಿದಾಗ ಸಂಬಂಧವಿಲ್ಲದ ಸಾಲು ಕೇಳಿಸುತ್ತದೆ. ಇನ್ಸರ್ಟ್ ಜೊತೆ ಪ್ಯಾಡಿನ ಒಂದು ಒತ್ತುತ್ತಾ ವಸ್ತುವಿನ ಕ್ರಮಕ್ಕೆ ಮರಳಬೇಕು.

ಉಳಿದಿದ್ದು ಕೀಬೋರ್ಡಿನ ಇಂಡೆಂಟು, ಅಂದರೆ ಕಚೇರಿಯ ಬೇಡಿಕೆ ಪತ್ರ. ಹಳೆಯದು ಕೆಟ್ಟಾಗ ಮೇಜಿನ ಜಾಗ ಉಳಿಯಲೆಂದು ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡ್ ತರಿಸುವ ರೂಢಿ ಇದೆ. ಇವರ ಹೆಸರಿನ ಇಂಡೆಂಟಿನಲ್ಲಿ ಹೀಗೆ ಬರೆಸಿದೆವು: 104 ಕೀಗಳದ್ದು, ನಂಬರ್ ಪ್ಯಾಡ್ ಬಿಡಿಯಾಗಿರಬೇಕು, ನಮ್ ಲಾಕಿಗೆ ಪ್ರತ್ಯೇಕ ಕೀ ಇರಬೇಕು, ಐದರ ಮೇಲೆ ಬೆರಳಿಗೆ ಸಿಗುವ ಉಬ್ಬು ಇರಬೇಕು, ಎಫ್‌ಎನ್ ಕೀಯ ಹಿಂದೆ ಯಾವುದೂ ಅಡಗಿರಬಾರದು.